ಉಕ್ಕಿನ ದೊರೆ ಕಟ್ಟಿಸಿದ ಹಾಡಿನ ಮನೆ

ಇಂಜಿನಿಯರಿಂಗ್ ಓದಿದ ತಪ್ಪಿಗೆ, ಯಾವ ಕಟ್ಟಡ ನೋಡಿದರೂ ಇದರ ಭಾರ ಹೊತ್ತಿರೋದು ಯಾವುದು ಅಂತ ಮೊದಲು ಹುಡುಕುವ ಚಟ ನನಗೆ. ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಬಗ್ಗೆ ಓದುವಾಗ ನಗು ಬಂತು. ಅಮೆರಿಕದ ಉಕ್ಕಿನ ದೊರೆ ಕಟ್ಟಿಸಿದ ಈ ಸಂಗೀತ ಸಭಾಂಗಣದ ಮೂಲ ಕಟ್ಟಡಕ್ಕೆ ಉಕ್ಕಿನ ಚೌಕಟ್ಟೇ ಇಲ್ಲ! ದಪ್ಪನೆಯ ಗೋಡೆಗಳೇ ಎಲ್ಲವನ್ನೂ ಹೊತ್ತಿವೆ. ವಿನ್ಯಾಸಕಾರ ವಿಲಿಯಂ ಟುತಿಲ್ ತಾನೂ ಚೆಲ್ಲೋ ನುಡಿಸುತ್ತಿದ್ದವನು.

ದುಡ್ಡು ಮಾತ್ರ ಉಕ್ಕಿನದೇ.

ಆಂಡ್ರ್ಯೂ ಕಾರ್ನೆಗಿ ಹುಟ್ಟಿದ್ದು 1835ರಲ್ಲಿ, ಸ್ಕಾಟ್ಲೆಂಡಿನ ಡನ್ಫರ್ಮ್ಲಿನ್ ಊರಿನ ನೇಕಾರರ ಮನೆಯಲ್ಲಿ. ಉಗಿಯಂತ್ರದ ಮಗ್ಗ ಬಂತು, ಅಪ್ಪನ ಕೈಮಗ್ಗ ಮೂಲೆ ಸೇರಿತು. (ಇಳಕಲ್, ಗುಳೇದಗುಡ್ಡದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.) ಅಪ್ಪ ದುಡಿಯುವ ಗಂಡಸರಿಗೂ ಓಟು ಬೇಕೆಂದ ಚಾರ್ಟಿಸ್ಟ್ ಚಳವಳಿಯಲ್ಲಿದ್ದವರು. 1848ರಲ್ಲಿ ಸಾಲ ಮಾಡಿ ಇಡೀ ಕುಟುಂಬ ಅಮೆರಿಕಕ್ಕೆ ಹೋಯಿತು. ಹುಡುಗ ಹತ್ತಿ ಗಿರಣಿ ಸೇರಿದ, ವಾರಕ್ಕೆ 1 ಡಾಲರ್ 20 ಸೆಂಟ್. ಆಮೇಲೆ ತಂತಿ ಕಚೇರಿ, ರೈಲ್ವೆ, ಷೇರು, ಕೊನೆಗೆ ಉಕ್ಕು.

1887ರಲ್ಲಿ ಮದುವೆಯಾಗಿ ಹೆಂಡತಿ ಲೂಯಿಸ್ ಜೊತೆ ಹಡಗಿನಲ್ಲಿ ಸ್ಕಾಟ್ಲೆಂಡಿಗೆ ಹೊರಟಾಗ ವಾಲ್ಟರ್ ಡ್ಯಾಮ್ರಾಷ್ ಎಂಬ 25ರ ಸಂಗೀತ ನಿರ್ದೇಶಕ ಸಿಕ್ಕ. ನ್ಯೂಯಾರ್ಕಿಗೆ ಒಳ್ಳೆಯ ಸಭಾಂಗಣವಿಲ್ಲ ಎಂಬ ಅವನ ಅಳಲು ಕಾರ್ನೆಗಿಯ ತಲೆಗೆ ಹೊಕ್ಕಿತು. 1891ರ ಮೇ 5ರಂದು ಬಾಗಿಲು ತೆರೆಯಿತು. ಉದ್ಘಾಟನೆಗೆ ರಷ್ಯಾದಿಂದ ಚೈಕೋವ್ಸ್ಕಿಯೇ ಬಂದು ವಾದ್ಯವೃಂದ ನಡೆಸಿದ.

ಸುಮಾರು 14 ತಿಂಗಳ ನಂತರ, ಪಿಟ್ಸ್‌ಬರ್ಗ್ ಬಳಿಯ ಹೋಮ್‌ಸ್ಟೆಡ್‌ನಲ್ಲಿದ್ದ ಅವನ ಕಾರ್ಖಾನೆಯಲ್ಲಿ ಗುಂಡು ಹಾರಿತು. ಕೂಲಿ ಕಡಿತಕ್ಕೆ ಕಾರ್ಮಿಕ ಸಂಘ ಒಪ್ಪಿರಲಿಲ್ಲ. ಮ್ಯಾನೇಜರ್ ಹೆನ್ರಿ ಫ್ರಿಕ್ ಗೇಟಿಗೆ ಬೀಗ ಹಾಕಿ, ಸುಮಾರು 300 ಪಿಂಕರ್ಟನ್ ಬಾಡಿಗೆ ಕಾವಲುಗಾರರನ್ನು ರಾತ್ರೋರಾತ್ರಿ ನದಿಯ ಮೇಲೆ ತರಿಸಿದ. 1892ರ ಜುಲೈ 6ರಂದು ಎರಡೂ ಕಡೆ ಹೆಣ ಬಿದ್ದವು. ನಂತರ ಸೈನ್ಯ ಬಂತು, ಸಂಘ ಮುರಿಯಿತು. ಕಾರ್ನೆಗಿ? ಸ್ಕಾಟ್ಲೆಂಡಿನಲ್ಲಿ ಬೇಸಿಗೆ ಕಳೆಯುತ್ತಿದ್ದ. ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. ಫ್ರಿಕ್‌ಗೆ ಅವನ ಬೆಂಬಲ ಮೊದಲೇ ಇತ್ತು. ಸಂಘ ಕಟ್ಟೋದು ಕಾರ್ಮಿಕರ ಹಕ್ಕು ಅಂತ 1886ರಲ್ಲಿ ಬರೆದವನೂ ಇವನೇ.

ನನ್ನನ್ನು ಕಾಡೋದು ಅವನ ಇಬ್ಬಂದಿತನವಲ್ಲ, ಅವನ ಪ್ರಾಮಾಣಿಕ ನಂಬಿಕೆ. ಹೆಚ್ಚುವರಿ ಸಂಪತ್ತನ್ನು ಜನರಿಗೆ ಚೂರುಚೂರಾಗಿ ಹಂಚಿದರೆ ಪೋಲಾಗುತ್ತೆ, ಒಬ್ಬನ ಕೈಯಲ್ಲಿದ್ದು ದೊಡ್ಡದೇನಾದರೂ ಕಟ್ಟಿದರೆ ಎಲ್ಲರಿಗೂ ಒಳ್ಳೆಯದು ಅಂತ 1889ರಲ್ಲೇ ವಾದಿಸಿದ್ದ. ಹಾಗೇ ನಡೆದುಕೊಂಡ ಕೂಡ. 1901ರಲ್ಲಿ ಕಂಪನಿ ಮಾರಿ, 1919ರಲ್ಲಿ ಸಾಯುವಷ್ಟರಲ್ಲಿ ಸುಮಾರು 35 ಕೋಟಿ ಡಾಲರ್ ದಾನ ಮಾಡಿದ. 2,500ಕ್ಕೂ ಹೆಚ್ಚು ಗ್ರಂಥಾಲಯಗಳು ಎದ್ದವು. ಅಲ್ಲಿ ಓದಿ ಬೆಳೆದವರನ್ನು ಲೆಕ್ಕ ಬಿಟ್ಟು ಮಾತಾಡೋದು ಅನ್ಯಾಯ.

ನ್ಯೂಯಾರ್ಕಿನ ಸಭಾಂಗಣವನ್ನು 1925ರಲ್ಲಿ ಲೂಯಿಸ್ ಮಾರಿದಳು. ಕೆಡವುವ ಹಂತಕ್ಕೆ ಬಂದಾಗ ಪಿಟೀಲು ವಾದಕ ಐಸಾಕ್ ಸ್ಟರ್ನ್ ಮುಂದಾಳತ್ವದಲ್ಲಿ ಹೋರಾಟ ನಡೆದು, 1960ರಲ್ಲಿ ನಗರವೇ 50 ಲಕ್ಷ ಡಾಲರಿಗೆ ಕೊಂಡಿತು. ಅಂತೂ ಅದು ಸಾರ್ವಜನಿಕರ ಆಸ್ತಿಯಾಯಿತು.

ಹೋಮ್‌ಸ್ಟೆಡ್‌ಗೂ ಕಾರ್ನೆಗಿ ಒಂದು ಗ್ರಂಥಾಲಯ ಕೊಟ್ಟ, 1898ರಲ್ಲಿ. ಒಳಗೆ ಈಜುಕೊಳ, ಜೊತೆಗೆ ಸಾವಿರ ಆಸನದ ಸಂಗೀತ ಸಭಾಂಗಣ. ಆಗ ಕಾರ್ಖಾನೆಯಲ್ಲಿ ಪಾಳಿ 12 ಗಂಟೆಯದು. ಕುಲುಮೆ ಮುಂದೆ ಅಷ್ಟು ಹೊತ್ತು ನಿಂತು ಬಂದವರು ಅಲ್ಲಿ ಕೂತರೆ ಎಷ್ಟು ಹೊತ್ತು ಎಚ್ಚರ ಇರುತ್ತಿದ್ದರೋ.