ಹಗುರ ಬಿಲ್ಲಿನಿಂದ ಜಿಂಕೆ ಸಾಯುವುದಿಲ್ಲವೇ? ಫಾರ್ವರ್ಡ್‌ಗೆ ಉತ್ತರ ಇಶಿ ಅವರ ಬದುಕಿನಲ್ಲಿದೆ

ಮೇಲುಕೋಟೆಗೆ ಹೋದವರಿಗೆ ಧನುಷ್ಕೋಟಿ ಗೊತ್ತು. ಬಾಯಾರಿದ ಸೀತೆಗಾಗಿ ರಾಮ ಬಂಡೆಗೆ ಬಾಣ ಬಿಟ್ಟು ನೀರು ತರಿಸಿದ ಎಂದು ಊರಿನವರು ನಂಬುವ ಜಾಗ ಅದು. ಬಿಲ್ಲು ಎಂದರೆ ಬಂಡೆ ಸೀಳುವ ಬಲ ಎಂಬ ಚಿತ್ರ ನಮ್ಮೆಲ್ಲರ ತಲೆಯಲ್ಲೂ ಇದೆ. ಆ ಕಡೆಯ ಓದುಗರೊಬ್ಬರು ನಮಗೆ ಕಳಿಸಿದ ಫಾರ್ವರ್ಡ್ ಕೂಡ ಇದೇ ನಂಬಿಕೆಯ ಮೇಲೆ ನಿಂತಿದೆ.

ಅದರಲ್ಲಿರುವುದು ಎರಡು ಮಾತು. ಒಂದು, ಅಮೆರಿಕದಲ್ಲಿ ಜಿಂಕೆ ಬೇಟೆಯ ಬಿಲ್ಲಿಗೆ ಇರಬೇಕಾದ ಕನಿಷ್ಠ ಬಲವನ್ನು ಕಡಿಮೆ ಮಾಡುತ್ತಿದ್ದಾರೆ, ಅಂಥ ಹಗುರ ಬಿಲ್ಲಿನಿಂದ ಜಿಂಕೆ ಸಾಯುವುದೇ ಇಲ್ಲ. ಎರಡು, ಬಿಲ್ಲಿಗೆ ಬಂದೂಕಿನಂತೆ ಲೈಸೆನ್ಸ್ ಬೇಕಿಲ್ಲ, ಆದ್ದರಿಂದ ನಮ್ಮಲ್ಲೂ ಬಿಲ್ಲಿನ ಬೇಟೆ ತಪ್ಪಲ್ಲ. ಮೊದಲನೆಯದು ಅರ್ಧ ಸತ್ಯ, ಎರಡನೆಯದು ಪೂರ್ತಿ ಸುಳ್ಳು. ಯಾಕೆ ಎಂದು ತಿಳಿಯಲು ನೂರು ವರ್ಷದ ಹಿಂದೆ ತೀರಿಕೊಂಡ ಒಬ್ಬ ಬೇಟೆಗಾರರ ಕಥೆ ಹೇಳುತ್ತೇವೆ.

ಬಿಲ್ಲಿನ ಬಲ ಎಂದರೇನು?

ಹೆದೆಯನ್ನು ಪೂರ್ತಿ ಹಿಂದಕ್ಕೆ ಎಳೆದು ಹಿಡಿಯಲು ಎಷ್ಟು ಬಲ ಬೇಕೋ ಅದೇ ಬಿಲ್ಲಿನ ಬಲ. ಇದನ್ನು ಪೌಂಡ್‌ನಲ್ಲಿ ಅಳೆಯುತ್ತಾರೆ. 45 ಪೌಂಡ್ ಬಿಲ್ಲು ಎಳೆಯುವುದು ಎಂದರೆ ಸುಮಾರು 20 ಕೆ.ಜಿ. ಭಾರ ಎತ್ತಿದಷ್ಟು ಶ್ರಮ. ಅಮೆರಿಕದ ಹಲವು ರಾಜ್ಯಗಳಲ್ಲಿ ಜಿಂಕೆ ಬೇಟೆಗೆ 30ರಿಂದ 40 ಪೌಂಡ್ ಕನಿಷ್ಠ ಎಂಬ ನಿಯಮವಿದೆ. ವಾದವಿರುವುದು ಈ ಅಂಕಿಯ ಬಗ್ಗೆಯೇ.

ಊರಿಲ್ಲದೆ ಉಳಿದವರು

ಇಶಿ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಉತ್ತರ ಭಾಗದಲ್ಲಿ, ಯಾಹಿ ಎಂಬ ಸಣ್ಣ ಬುಡಕಟ್ಟಿನಲ್ಲಿ. 1848ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು, ಹಿಂದೆಯೇ ಬಿಳಿಯರ ದಂಡು ಬಂತು. 1860ರ ದಶಕದಿಂದ ಯಾಹಿಗಳ ಮೇಲೆ ಒಂದರ ಹಿಂದೊಂದು ಹತ್ಯಾಕಾಂಡ ನಡೆಯಿತು. ಉಳಿದ ಬೆರಳೆಣಿಕೆಯ ಮಂದಿ ಮಿಲ್ ಕ್ರೀಕ್, ಡೀರ್ ಕ್ರೀಕ್ ಕಣಿವೆಗಳಲ್ಲಿ ದಶಕಗಳ ಕಾಲ ಬಚ್ಚಿಟ್ಟುಕೊಂಡು ಬದುಕಿದರು. ಬಂದೂಕು ಹಾರಿಸಿದರೆ ಸದ್ದಾಗುತ್ತದೆ, ಸದ್ದಾದರೆ ಸಾವು. ಅವರ ಹೊಟ್ಟೆ ತುಂಬಿಸಿದ್ದು ಸದ್ದು ಮಾಡದ ಬಿಲ್ಲು.

1908ರಲ್ಲಿ ಸರ್ವೆಗೆ ಬಂದ ತಂಡವೊಂದು ಅವರ ಕೊನೆಯ ಬೀಡನ್ನು ಕಂಡಿತು. ಉಳಿದವರು ಚದುರಿ ಓಡಿದರು. ನಡೆಯಲಾರದ ಮುದಿ ತಾಯಿ ಹೊದಿಕೆಯೊಳಗೆ ಸಿಕ್ಕಳು. ಸರ್ವೆಯವರು ಅವಳನ್ನು ಮುಟ್ಟಲಿಲ್ಲ, ಆದರೆ ಬಿಲ್ಲು, ಬಾಣ, ಹೊದಿಕೆಗಳನ್ನು ಹೊತ್ತೊಯ್ದರು. ಸ್ವಲ್ಪ ದಿನಗಳಲ್ಲೇ ತಾಯಿ ತೀರಿಕೊಂಡಳು, ಓಡಿದ ಇಬ್ಬರು ಮತ್ತೆ ಸಿಗಲಿಲ್ಲ. ಸುಮಾರು ಮೂರು ವರ್ಷ ಒಂಟಿಯಾಗಿ ಕಾಡಿನಲ್ಲಿ ಕಳೆದ ಇಶಿ, 1911ರ ಆಗಸ್ಟ್ 29ರಂದು ಓರೊವಿಲ್ ಪಟ್ಟಣದ ಕಸಾಯಿಖಾನೆಯ ಬಳಿ ಹಸಿದು ಬಳಲಿ ಬಂದು ನಿಂತರು. ಆಗ ಅವರಿಗೆ ಐವತ್ತರ ಆಸುಪಾಸು.

ಅವರನ್ನು ಮೊದಲು ಇರಿಸಿದ್ದು ಜೈಲಿನಲ್ಲಿ. ಕೆಲವೇ ದಿನಗಳಲ್ಲಿ ಮಾನವಶಾಸ್ತ್ರಜ್ಞ ವಾಟರ್‌ಮನ್ ಅವರನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಕರೆತಂದರು. ಯಾಹಿಗಳು ತಮ್ಮ ಹೆಸರನ್ನು ತಾವೇ ಹೇಳುತ್ತಿರಲಿಲ್ಲ. ಅವರ ಹೆಸರು ಹೇಳುವ ಜನವೂ ಉಳಿದಿರಲಿಲ್ಲ. ಹಾಗಾಗಿ ಆಲ್ಫ್ರೆಡ್ ಕ್ರೋಬರ್ ಎಂಬ ಪ್ರಾಧ್ಯಾಪಕರು ಅವರನ್ನು ಇಶಿ ಎಂದು ಕರೆದರು. ಅವರ ಭಾಷೆಯಲ್ಲಿ ಅದರ ಅರ್ಥ ಮನುಷ್ಯ. ನಿಜವಾದ ಹೆಸರು ಯಾರಿಗೂ ಗೊತ್ತಾಗಲಿಲ್ಲ.

ವೈದ್ಯರಿಗೆ ಗುರುವಾದ ಬೇಟೆಗಾರ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲೇ ಇಶಿ ವಾಸ. ಅಲ್ಲೇ ಸಂಬಳಕ್ಕೆ ಕೆಲಸ. ಭಾನುವಾರಗಳಂದು ಜನರೆದುರು ಬೆಂಕಿ ಹೊತ್ತಿಸಿ, ಬಾಣದ ಮೊನೆ ಕೆತ್ತಿ ತೋರಿಸುತ್ತಿದ್ದರು. ಪಕ್ಕದ ವೈದ್ಯಕೀಯ ಕಾಲೇಜಿನ ಸರ್ಜನ್ ಸ್ಯಾಕ್ಸ್‌ಟನ್ ಪೋಪ್ ಅವರ ವೈದ್ಯರಾದರು, ಗೆಳೆಯರಾದರು, ಆಮೇಲೆ ಬಿಲ್ವಿದ್ಯೆಯಲ್ಲಿ ಶಿಷ್ಯರೂ ಆದರು.

ಪೋಪ್ ಎಲ್ಲವನ್ನೂ ಅಳೆದು ಬರೆದಿಟ್ಟಿದ್ದರಿಂದ ನಮಗೆ ಇಂದು ಲೆಕ್ಕ ಸಿಗುತ್ತದೆ. ಇಶಿ ಅವರ ಬೇಟೆಯ ಬಿಲ್ಲು ಜುನಿಪರ್ ಮರದ್ದು, ಬೆನ್ನಿಗೆ ಜಿಂಕೆಯ ಸ್ನಾಯುವಿನ ನಾರು ಅಂಟಿಸಿದ್ದು. ಉದ್ದ ಸುಮಾರು 42 ಇಂಚು, ಅಂದರೆ ಮೂರೂವರೆ ಅಡಿ. ಬಲ ಸುಮಾರು 45 ಪೌಂಡ್ ಅಷ್ಟೇ. ಜೀವಮಾನವಿಡೀ ಜಿಂಕೆ ಬೇಟೆಯಾಡಿ ಬದುಕಿದವರ ಬಿಲ್ಲು ಇದು. ಬಂಡೆ ಸೀಳುವ ಬಲ ಇದರಲ್ಲಿರಲಿಲ್ಲ.

ಹಾಗಾದರೆ ಜಿಂಕೆ ಬೀಳುತ್ತಿದ್ದುದು ಹೇಗೆ? ಬಾಣ ಗುಂಡಿನಂತೆ ಕೆಲಸ ಮಾಡುವುದಿಲ್ಲ. ಅದು ಹರಿತವಾದ ಮೊನೆಯಿಂದ ರಕ್ತನಾಳಗಳನ್ನು, ಶ್ವಾಸಕೋಶವನ್ನು ಕೊಯ್ಯುತ್ತದೆ, ರಕ್ತ ಹರಿದು ಪ್ರಾಣಿ ಸಾಯುತ್ತದೆ. ಆದ್ದರಿಂದ ಬಲಕ್ಕಿಂತ ಮೊನೆಯ ಹರಿತ ಮತ್ತು ತಗಲುವ ಜಾಗ ಮುಖ್ಯ. ಇಶಿ ಜ್ವಾಲಾಮುಖಿಯ ಗಾಜಿನಂಥ ಕಲ್ಲಿನಿಂದ ಮೊನೆ ಕೆತ್ತುತ್ತಿದ್ದರು. ಪೋಪ್ ಜಿಂಕೆಯ ಚರ್ಮ ಕಟ್ಟಿದ ಪೆಟ್ಟಿಗೆಯಲ್ಲಿ ಪಿತ್ತಜನಕಾಂಗದ ಮಾಂಸ ತುಂಬಿ ಬಾಣ ಬಿಟ್ಟು ನೋಡಿದಾಗ, ಆ ಕಲ್ಲಿನ ಮೊನೆ ಉಕ್ಕಿನ ಮೊನೆಗಿಂತ ಆಳಕ್ಕೆ ಇಳಿಯಿತು.

ಇನ್ನೊಂದು ಗುಟ್ಟು ಹತ್ತಿರ ಹೋಗುವುದು. ಬೇಟೆಗೆ ಮೊದಲು ಇಶಿ ಮೀನು ತಿನ್ನುತ್ತಿರಲಿಲ್ಲ, ಹೊಗೆ ಸೇದುತ್ತಿರಲಿಲ್ಲ, ಮೈಯ ವಾಸನೆ ಹೋಗಲು ಸ್ನಾನ ಮಾಡುತ್ತಿದ್ದರು. ಮರಿಯ ಕೂಗಿನಂಥ ಸದ್ದು ಮಾಡಿ ಜಿಂಕೆಯನ್ನೇ ತಮ್ಮತ್ತ ಕರೆಯುತ್ತಿದ್ದರು. ದೂರದಿಂದ ಬಾಣ ಬಿಡುವ ಚಪಲ ಅವರಿಗಿರಲಿಲ್ಲ.

ಕೊನೆಯ ದಿನಗಳು

1914ರ ಮೇ ತಿಂಗಳಲ್ಲಿ ಇಶಿ ಒಮ್ಮೆ ಗೆಳೆಯರ ಜೊತೆ ತಮ್ಮ ಕಣಿವೆಗೆ ಹೋಗಿಬಂದರು. ಕಾಡಿನಲ್ಲಿದ್ದಾಗ ಕಾಣದ ಕ್ಷಯರೋಗ ನಗರದಲ್ಲಿ ಅಂಟಿತು. 1916ರ ಮಾರ್ಚ್ 25ರಂದು ತೀರಿಕೊಂಡರು. ದೂರದ ನ್ಯೂಯಾರ್ಕ್‌ನಲ್ಲಿದ್ದ ಕ್ರೋಬರ್ ಬೇಡವೆಂದರೂ ಶವಪರೀಕ್ಷೆ ನಡೆಯಿತು. ದೇಹ ಸುಟ್ಟರು, ಮೆದುಳನ್ನು ತೆಗೆದಿಟ್ಟರು. ಅದನ್ನು ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳಿಸಿದವರು ಅದೇ ಕ್ರೋಬರ್. ಅವರ ಬಂಧು ಬುಡಕಟ್ಟುಗಳ ಕೈಗೆ ಅದು ಸಿಕ್ಕಿದ್ದು 2000ದಲ್ಲಿ.

ಪೋಪ್ ಬರೆದ ಪುಸ್ತಕಗಳಿಂದ ಅಮೆರಿಕದಲ್ಲಿ ಬಿಲ್ಲಿನ ಬೇಟೆ ಮತ್ತೆ ಚಿಗುರಿತು. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬಿಲ್ಲಿಗೆಂದೇ ಜಿಂಕೆ ಬೇಟೆಯ ಋತು ತೆರೆಯಿತು. ಬೇಟೆ ಕ್ರೀಡೆಯಾದ ಮೇಲೆ ನಿಯಮಗಳೂ ಬಂದವು.

ಹಾಗಾದರೆ ನಿಯಮ ಸಡಿಲಿಸುವುದು ಸರಿಯೇ?

ಸಡಿಲಿಸಬೇಕು ಎನ್ನುವವರ ವಾದದಲ್ಲಿ ಹುರುಳಿದೆ. ಇಂದಿನ ರಾಟೆ ಜೋಡಿಸಿದ ಕಾಂಪೌಂಡ್ ಬಿಲ್ಲು ಅಷ್ಟೇ ಪೌಂಡ್‌ನ ಹಳೆಯ ಬಿಲ್ಲಿಗಿಂತ ಹೆಚ್ಚು ಶಕ್ತಿಯನ್ನು ಬಾಣಕ್ಕೆ ಕೊಡುತ್ತದೆ. ತೀರಾ ಗಟ್ಟಿ ಬಿಲ್ಲು ಹಿಡಿದವರ ಕೈ ನಡುಗಿ ಗುರಿ ತಪ್ಪುವುದೂ ಉಂಟು. ಇಶಿ ಅವರ ರಾಜ್ಯವಾದ ಕ್ಯಾಲಿಫೋರ್ನಿಯಾದ ನಿಯಮದಲ್ಲಿ ಪೌಂಡ್ ಲೆಕ್ಕವೇ ಇಲ್ಲ. ಬೇಟೆಯ ಬಾಣವನ್ನು 130 ಗಜ ದೂರ ಎಸೆಯುವ ಬಿಲ್ಲಾಗಿದ್ದರೆ ಸಾಕು.

ಬೇಡ ಎನ್ನುವವರ ಆತಂಕವೂ ಸುಳ್ಳಲ್ಲ. ಬಲ ಕಡಿಮೆಯಾದಷ್ಟೂ ತಪ್ಪಿಗೆ ಜಾಗ ಕಡಿಮೆ. ಬಾಣ ಮೂಳೆಗೆ ತಗಲಿದರೆ ಒಳಗೆ ಇಳಿಯದು. ಗಾಯಗೊಂಡ ಜಿಂಕೆ ಪೊದೆ ಸೇರಿ ನರಳುತ್ತದೆ. ಇಶಿ ಹತ್ತಿರ ಹೋಗುವ ತಾಳ್ಮೆಯಿಂದ ಈ ಕೊರತೆ ತುಂಬಿಕೊಂಡರು. ವರ್ಷಕ್ಕೆ ನಾಲ್ಕು ದಿನ ಕಾಡಿಗೆ ಹೋಗುವವರಿಗೆ ಅದು ಸುಲಭವಲ್ಲ. ಕನಿಷ್ಠ ಬಲದ ನಿಯಮ ಬಿಲ್ಲನ್ನು ಅಳೆಯಬಲ್ಲದು, ಹಿಡಿದವರ ತಾಳ್ಮೆಯನ್ನಲ್ಲ.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ?

ಇಲ್ಲಿ ಪೌಂಡ್ ಲೆಕ್ಕವೇ ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ. ಬಂದೂಕೋ, ಬಿಲ್ಲೋ, ಉರುಳೋ ಎಂಬುದು ಮುಖ್ಯವಲ್ಲ. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ವಿಷ ಇಡುವುದು, ಗಾಯಗೊಳಿಸುವುದು, ಇವಕ್ಕೆ ಪ್ರಯತ್ನಿಸುವುದು ಕೂಡ ಬೇಟೆಯೇ. ಜೈಲು, ದಂಡ ಎರಡೂ ಉಂಟು. ಮೇಲುಕೋಟೆಯ ಸುತ್ತಲಿನ ಕಾಡಂತೂ 1974ರಿಂದ ವನ್ಯಜೀವಿ ಧಾಮ. ಸುಮಾರು 50 ಚದರ ಕಿ.ಮೀ.ಯ ಈ ಧಾಮ ತೋಳಗಳಿಗೆ ಹೆಸರಾದದ್ದು.

ಆದ್ದರಿಂದ ಆ ಫಾರ್ವರ್ಡ್ ನಿಮಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಬಿಲ್ಲಿಗೆ ಲೈಸೆನ್ಸ್ ಬೇಡ ಎಂಬ ಮಾತು ನಂಬಿ ಊರಿನ ಹುಡುಗರು ಯಾರಾದರೂ ಕಾಡಿಗೆ ಹೊರಟರೆ, ಕೇಸು ಬೀಳುವುದು ಅವರ ಮೇಲೆ. ಕಳಿಸಲೇಬೇಕೆಂದಿದ್ದರೆ ಈ ಬರಹ ಕಳಿಸಿ.