ಆನಂದಪುರದ ಮೊಗ್ಲಿಂಗ್

ಮಕ್ಕಳೇ, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’. 1843ರ ಜುಲೈ 1ರಂದು ಅದನ್ನು ಹೊರತಂದವರು ಜರ್ಮನಿಯಿಂದ ಬಂದ ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೊಗ್ಲಿಂಗ್. ಕನ್ನಡ ತರಗತಿಯಲ್ಲಿ ಇಷ್ಟನ್ನು ಕೇಳಿರುತ್ತೀರಿ. ಗುಲಾಮರಾಗಿದ್ದವರಿಗಾಗಿ ಅವರು ಮಾಡಿದ ಇನ್ನೊಂದು ಕೆಲಸ ನನಗೆ ಇದಕ್ಕಿಂತ ದೊಡ್ಡದು.

ಅದೇ ವರ್ಷ ಏಪ್ರಿಲ್‌ನಲ್ಲಿ ನಮ್ಮ ದೇಶದಲ್ಲಿ ಗುಲಾಮಗಿರಿಯ ವಿರುದ್ಧ ಕಾಯ್ದೆ ಬಂತು. ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಕ್ಲಾರ್ಕ್‌ಸನ್, ವಿಲ್ಬರ್‌ಫೋರ್ಸ್, ಕ್ವೇಕರ್ ಪಂಥದವರು ದಶಕಗಟ್ಟಲೆ ಹೋರಾಡಿದ್ದರು. ದೇವರು ಎಲ್ಲ ಜನರನ್ನೂ ಒಂದೇ ರಕ್ತದಿಂದ ಹುಟ್ಟಿಸಿದ ಎಂದು ಬೈಬಲ್ಲೇ ಹೇಳುವಾಗ ಮನುಷ್ಯ ಮನುಷ್ಯನನ್ನು ಕೊಳ್ಳುವುದು ಹೇಗೆ ಎಂಬುದು ಅವರ ವಾದ. ಆಳು ಒಡೆಯನ ಮಾತು ಕೇಳಬೇಕೆಂದೂ ಅದರಲ್ಲೇ ಇದೆಯಲ್ಲ ಎಂದು ಗುಲಾಮರನ್ನು ದುಡಿಸುತ್ತಿದ್ದ ತೋಟದ ಧಣಿಗಳು ಅದೇ ಗ್ರಂಥ ಹಿಡಿದು ಎದುರು ನಿಂತರು. 1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿ ರದ್ದು ಮಾಡಿದರೂ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯನ್ನು ಬಿಟ್ಟುಬಿಟ್ಟಿತು. 1843ರ ಕಾಯ್ದೆಯೂ ಅರೆಬರೆ. ‘ಇವನು ನನ್ನ ಗುಲಾಮ’ ಎಂದು ಕೋರ್ಟಿಗೆ ಹೋದವರ ಹಕ್ಕನ್ನು ಅದು ಒಪ್ಪಲಿಲ್ಲ, ನಿಜ; ಆದರೆ ಗುಲಾಮರನ್ನು ಇಟ್ಟುಕೊಂಡವರಿಗೆ ಶಿಕ್ಷೆ ಹೇಳಲಿಲ್ಲ.

ಕೊಡಗಿನಲ್ಲಿ ಹೊಲೆಯ ಸಮುದಾಯದ ಎಷ್ಟೋ ಜನ ಗದ್ದೆಗೆ ಸೇರಿದವರಾಗಿದ್ದರು. ಗದ್ದೆ ಯಾರ ಕೈಗೆ ಹೋದರೆ ಅವರೂ ಅಲ್ಲಿಗೆ. 1850ರ ದಶಕದಲ್ಲಿ ಮೊಗ್ಲಿಂಗ್ ಅಲ್ಲಿಗೆ ಹೋದರು. ‘ನೀನು ಸ್ವತಂತ್ರ’ ಅಂದುಬಿಟ್ಟರೆ ಆಯಿತೇ? ನಾಳೆ ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಅದಕ್ಕೆ ಉತ್ತರವಾಗಿ ಅಮ್ಮತ್ತಿಯ ಕಡೆ ಆನಂದಪುರ ಎಂಬ ಊರು ಎದ್ದಿತು. ಕ್ರೈಸ್ತರಾದ ಹೊಲೆಯ ಕುಟುಂಬಗಳು ಅಲ್ಲಿ ನೆಲೆನಿಂತವು. ಮತಕ್ಕೆ ಸೇರಿಸಿಕೊಳ್ಳುವುದೂ ಪಾದ್ರಿಗಳ ಗುರಿಯಾಗಿತ್ತು, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಹಾಗಿದ್ದರೂ, ಒಂದೇ ರಕ್ತ ಎಂದು ಬೋಧಿಸಿ ಸುಮ್ಮನಾಗದೆ ಕಾಲೂರಲು ಜಾಗ ತೋರಿಸಿದ್ದಕ್ಕೆ ಮೊಗ್ಲಿಂಗರ ಮೇಲೆ ನನಗೆ ಬಹಳ ಗೌರವ.

ನಾನು ನೆಲಮಂಗಲದ ಮಗ್ಗುಲಿನ ಅರಿಶಿನಕುಂಟೆಯವಳು. ನಮ್ಮ ಬಯಲುಸೀಮೆಯಲ್ಲಿ ಇದೇ ಸಂಕಟ ಜೀತದ ರೂಪದಲ್ಲಿತ್ತು: ಅಪ್ಪ ಮಾಡಿದ ಸಾಲಕ್ಕೆ ಮಗ ಗೌಡರ ದನ ಕಾಯುತ್ತ ಬೆಳೆಯಬೇಕು. ಅದನ್ನು ರದ್ದು ಮಾಡಿದ ಕಾಯ್ದೆ ಬಂದದ್ದು 1976ರಲ್ಲಿ. ಜೀತದ ಸಾಲವೆಲ್ಲ ತೀರಿತು ಎಂದು ಅದು ಸಾರಿತು, ಬಿಡುಗಡೆಯಾದವರಿಗೆ ಬದುಕು ಕಟ್ಟಿಕೊಡುವ ಹೊಣೆಯನ್ನು ಜಿಲ್ಲಾಡಳಿತಕ್ಕೆ ಹೊರಿಸಿತು. ಆನಂದಪುರ ಎತ್ತಿದ ಪ್ರಶ್ನೆ ಕಾನೂನಿನ ಪುಸ್ತಕ ಸೇರಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು!

ಈ ವಾರ ಊರಿಗೆ ಫೋನ್ ಮಾಡಿದಾಗ ಅಜ್ಜ, ಅಜ್ಜಿಯನ್ನು ಕೇಳಿ: ನಿಮ್ಮೂರಲ್ಲಿ ಜೀತ ಇತ್ತೇ? ಬಿಟ್ಟು ಬಂದವರಿಗೆ ಜಮೀನು, ಮನೆ ಸಿಕ್ಕಿತೇ? ಅವರು ಹೇಳಿದ್ದನ್ನು ಬರೆದು ಮುಂದಿನ ಸಂಚಿಕೆಗೆ ಕಳಿಸಿ.