ಹೂದೋಟದ ಕವಿ ಹರಿಹರ

ಊರಗದ್ದಲವನ್ನು ತೊರೆದು ಏಕಾಂತದ ಸರಳಜೀವನವನ್ನು ಹಾಡುವ ಕವಿತೆಯು ಪಶ್ಚಿಮದವರಿಂದ ನಾವು ಕಲಿತ ಪಾಠವೆಂದು ತಿಳಿದವರು ನಮ್ಮಲ್ಲಿ ಕಡಿಮೆಯಿಲ್ಲ. ಆಂಗ್ಲಕವಿ ವರ್ಡ್ಸ್‌ವರ್ತನು ತನ್ನ ಸರೋವರಪ್ರಾಂತದ ಗುಡಿಸಲನ್ನು ಸೇರಿದ್ದು ೧೭೯೯ರಲ್ಲಿ. ಅದಕ್ಕೆ ಸುಮಾರು ಆರು ಶತಮಾನ ಮುಂಚೆಯೇ ತುಂಗಭದ್ರೆಯ ದಂಡೆಯ ಕನ್ನಡ ಕವಿಯೊಬ್ಬನು ಆ ಹಾದಿಯನ್ನು ತುಳಿದಿದ್ದನು. ಅವನೇ ಹಂಪೆಯ ಹರಿಹರ.

ಮಹಾದೇವ ಶರ್ವಾಣಿಯರ ಮಗನಾದ ಇವನು ದೋರಸಮುದ್ರದಲ್ಲಿ ಹೊಯ್ಸಳ ದೊರೆ ನರಸಿಂಹ ಬಲ್ಲಾಳನ ಕರಣಿಕನಾಗಿದ್ದನೆಂದು ಸಂಪ್ರದಾಯವು ಹೇಳುತ್ತದೆ. ಆಸ್ಥಾನದಲ್ಲಿ ಲೆಕ್ಕ ಬರೆಯುತ್ತಿದ್ದ ಕೈಯಿಂದಲೇ ಹಂಪೆಯ ಗುಡಿಯ ತೆರೆಗೆ ಹತ್ತಿದ ಕಿಚ್ಚನ್ನು ನಂದಿಸಿದನೆಂಬ ಕಥೆಯೂ ಉಂಟು. ಪವಾಡವನ್ನು ನಂಬುವದು ಬಿಡುವದು ಓದುಗರಿಗೆ ಸೇರಿದ್ದು. ಅದರ ತಿರುಳು ಮಾತ್ರ ಸ್ಪಷ್ಟವಾಗಿರುವದು: ದೇಹವು ಅರಮನೆಯಲ್ಲಿದ್ದರೂ ಮನಸ್ಸು ವಿರೂಪಾಕ್ಷನ ಬಳಿಯಲ್ಲಿತ್ತು. ಅವನು ಅಧಿಕಾರವನ್ನು ಬಿಟ್ಟು ಹಂಪೆಗೆ ಮರಳಿದನು. ವಿಜಯನಗರವು ೧೩೩೬ರಲ್ಲಿ ತಲೆಯೆತ್ತುವದಕ್ಕೆ ಇನ್ನೂ ಬಹುಕಾಲವಿತ್ತು. ಅಂದಿನ ಹಂಪೆ ಸಾಮ್ರಾಜ್ಯದ ರಾಜಧಾನಿಯಲ್ಲ. ಬಂಡೆ, ಹೊಳೆ, ತೋಪುಗಳ ನಡುವಿನ ಪುಣ್ಯಕ್ಷೇತ್ರ.

ಅಲ್ಲಿಯ ಅವನ ಬಾಳು ಎಂತಹದೆಂಬುದಕ್ಕೆ ಪುಷ್ಪರಗಳೆಯೇ ಸಾಕ್ಷಿ. ನಸುಕಿನಲ್ಲೆದ್ದು ತೋಟಕ್ಕೆ ಹೋಗುವದು, ಒಂದೊಂದು ಹೂವನ್ನೂ ಒಕ್ಕಲುಮಗಳಂತೆ ಮಾತನಾಡಿಸಿ ಬಿಡಿಸುವದು, ಮಾಲೆ ಕಟ್ಟಿ ಶಿವನಿಗೆ ಏರಿಸುವದು, ಇಷ್ಟೇ ಅದರ ವಸ್ತು. ಯುದ್ಧವಿಲ್ಲ, ರಾಜಸಭೆಯಿಲ್ಲ. ಆದರೂ ದಿನದ ಕೆಲಸವೇ ಹಬ್ಬವಾಗುವ ಆನಂದವು ಅಲ್ಲಿ ತುಂಬಿರುವದು.

ಈ ಏಕಾಂತವನ್ನು ಹೊಣೆಗೇಡಿತನವೆನ್ನಲಾದೀತೆ? ನಾವು ಒಪ್ಪಲಾರೆವು. ಗಿರಿಜಾಕಲ್ಯಾಣವೆಂಬ ಚಂಪುವನ್ನು ಬರೆದ ಇವನು ಪಂಡಿತರನ್ನು ಮೆಚ್ಚಿಸಬಲ್ಲವನಾಗಿದ್ದನು. ಹಾಗಿದ್ದೂ ಆಡುಮಾತಿನ ಓಟಕ್ಕೆ ಹತ್ತಿರವಾದ ರಗಳೆಯನ್ನು ಕೈಕೊಂಡು ಬೇಡ ಕಣ್ಣಪ್ಪ, ಮಾದಾರ ಚೆನ್ನಯ್ಯ, ಮಹಾದೇವಿಯಕ್ಕ, ಬಸವಣ್ಣ ಮೊದಲಾದವರ ಚರಿತ್ರೆಗಳನ್ನು ಹಾಡಿದನು. ಅರಸನ ಓಲಗದಿಂದ ದೂರ ಸರಿದುದರಿಂದಲೇ ಅವನು ಜನರಿಗೆ ಹತ್ತಿರವಾದನು. ಕೂಳಿಗಾಗಿ ಮನುಜರನ್ನು ಹೊಗಳಬೇಕಾದ ಲೇಖನಿಗೆ ಈ ಸ್ವಾತಂತ್ರ್ಯವು ಎಲ್ಲಿಂದ ಬಂದೀತು?

ಅವನ ನಿಷ್ಠೆಯಲ್ಲಿ ಕಟುತನವೂ ಇತ್ತು. ಸೋದರಳಿಯ ರಾಘವಾಂಕನು ಹರಿಶ್ಚಂದ್ರನ ಕಥೆಯನ್ನು ಬರೆದಾಗ, ಶಿವನನ್ನು ಬಿಟ್ಟು ಮನುಷ್ಯನನ್ನು ಹಾಡಿದನೆಂದು ಮುನಿದು ಹೊಡೆದನೆಂದು ಐತಿಹ್ಯವಿದೆ. ಈ ಒಂದು ವಿಷಯದಲ್ಲಿ ನಾವು ಅಳಿಯನ ಪಕ್ಷದವರು. ಸತ್ಯಕ್ಕಾಗಿ ಸುಡುಗಾಡು ಕಾಯ್ದ ಮನುಷ್ಯನ ಕಥೆಯೂ ದೇವರ ಕಥೆಯೇ ಎಂದು ಕನ್ನಡಿಗರು ತೀರ್ಪು ಕೊಟ್ಟು ಬಹುಕಾಲವಾಯಿತು.

ಕೊಪ್ಪಳ ಸೀಮೆಯ ಇಟಗಿಯಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ ಗುಡಿಯನ್ನು ಅಲ್ಲಿಯ ಶಾಸನವು ದೇವಾಲಯ ಚಕ್ರವರ್ತಿಯೆಂದು ಕೊಂಡಾಡುತ್ತದೆ. ಅಲ್ಲಿಂದ ಮೂಡಲಿಗೆ ಕೊಪ್ಪಳವನ್ನು ದಾಟಿ ನಡೆದರೆ ಆನೆಗೊಂದಿ, ಹೊಳೆಯಾಚೆ ಹಂಪೆ. ದಂಡನಾಯಕನು ಕಲ್ಲಿನಿಂದ ಸಲ್ಲಿಸಿದ ಭಕ್ತಿಯನ್ನು ಕರಣಿಕನು ಹೂವಿನಿಂದ ಸಲ್ಲಿಸಿದನು. ಕಲ್ಲು ಉಳಿಯಿತು, ಬಾಡಿದ ಹೂವೂ ಮಾತಾಗಿ ಉಳಿಯಿತು. ಈ ಹೊಳೆಯೇ ನಿಜಾಮರ ಸೀಮೆಗೂ ಮದ್ರಾಸ್ ಪ್ರಾಂತಕ್ಕೂ ಗಡಿಯಾಗಿ ನಮ್ಮವರನ್ನು ಬೇರ್ಪಡಿಸಿತ್ತು. ೧೯೫೩ರಲ್ಲಿ ಬಳ್ಳಾರಿಯೂ ೧೯೫೬ರಲ್ಲಿ ಕೊಪ್ಪಳವೂ ಮೈಸೂರು ರಾಜ್ಯವನ್ನು ಸೇರಿದ ಮೇಲೆ ಎರಡೂ ದಂಡೆಗಳು ಒಂದಾದವು. ಆದರೆ ನುಡಿಯು ಅವನ್ನು ಎಂದೂ ಅಗಲಿಸಿರಲಿಲ್ಲ.

ಪದವಿಯೇ ಬಾಳಿನ ಗುರಿಯೆಂದು ಬಗೆದು ಹಳ್ಳಿಯನ್ನು ಬರಿದು ಮಾಡುತ್ತಿರುವ ನಮ್ಮ ತರುಣರು ಈ ಕರಣಿಕನ ಲೆಕ್ಕವನ್ನೊಮ್ಮೆ ನೋಡಲಿ. ಅವನು ಬಿಟ್ಟದ್ದು ಒಂದು ಉದ್ಯೋಗ. ಪಡೆದದ್ದು ಒಂದು ನಾಡಿನ ನೆನಪು.